ಎಂಆರ್ ಸ್ಪೆಕ್ಟ್ರೋಸ್ಕೋಪಿ: ಮಿದುಳಿನ ರಾಸಾಯನಿಕಗಳ ಲೆಕ್ಕವನ್ನು ಎಷ್ಟು ನಂಬಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ಕೂತು ಸ್ಪೆಕ್ಟ್ರೋಸ್ಕೋಪಿ ಡೇಟಾ ನೋಡುವುದು ನನ್ನ ಕೆಲಸ. ಪ್ರಶ್ನೆ ಕೇಳುವವರು ಎರಡು ಬಗೆ. ಮಂಡ್ಯ, ಮದ್ದೂರು, ನಂಜನಗೂಡು ಕಡೆಯಿಂದ ಬಂದು ಸ್ಕ್ಯಾನ್ ಮಾಡಿಸಿ, ರಿಪೋರ್ಟ್ ಕೈಗೆ ಬಂದ ಮೇಲೆ ಗಾಬರಿಯಾದ ಮನೆಯವರು ಒಂದು ಕಡೆ. ಮಾನಸಗಂಗೋತ್ರಿ ಮತ್ತು ಮೆಡಿಕಲ್ ಕಾಲೇಜುಗಳ ವಿದ್ಯಾರ್ಥಿಗಳು ಇನ್ನೊಂದು ಕಡೆ. ಇಬ್ಬರ ಪ್ರಶ್ನೆಗಳನ್ನೂ ಇಲ್ಲಿ ಬೆರೆಸಿಯೇ ಹಾಕಿದ್ದೇನೆ. ಚಿಕಿತ್ಸೆಯ ವಿಷಯ ನಿಮ್ಮ ಡಾಕ್ಟರ ಹತ್ತಿರವೇ ಮಾತಾಡಿ.

ಎಂಆರ್‌ಐ ಆಯ್ತಲ್ಲ, ಮತ್ತೆ ಇದು ಯಾಕೆ?

ಯಂತ್ರ ಅದೇ. ಮಲಗುವ ಜಾಗವೂ ಅದೇ. ಎಂಆರ್‌ಐ ಹೆಚ್ಚಾಗಿ ನೀರಿನಲ್ಲಿರುವ ಹೈಡ್ರೋಜನ್‌ನಿಂದ ಚಿತ್ರ ಕಟ್ಟುತ್ತದೆ. ಸ್ಪೆಕ್ಟ್ರೋಸ್ಕೋಪಿ ನೀರಿನ ಸಿಗ್ನಲ್ ಅಡಗಿಸಿ, ಉಳಿದ ಅಣುಗಳಲ್ಲಿರುವ ಹೈಡ್ರೋಜನ್‌ನ ಸಿಗ್ನಲ್ ಹಿಡಿಯುತ್ತದೆ. ಕೊನೆಗೆ ಸಿಗುವುದು ಚಿತ್ರವಲ್ಲ, ಏರಿಳಿತದ ಒಂದು ಗೆರೆ.

ಹೈಡ್ರೋಜನ್ ಯಾವ ಅಣುವಿನಲ್ಲಿ, ಯಾವ ಜಾಗದಲ್ಲಿದೆ ಅನ್ನುವುದರ ಮೇಲೆ ಅದರ ಫ್ರೀಕ್ವೆನ್ಸಿ ಕೂದಲೆಳೆಯಷ್ಟು ಬದಲಾಗುತ್ತದೆ. 1951ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಅರ್ನಾಲ್ಡ್, ಧರ್ಮಟ್ಟಿ ಮತ್ತು ಪ್ಯಾಕಾರ್ಡ್ ಎಂಬ ಮೂವರು ಎಥನಾಲ್‌ನ (ಹೆಂಡದಲ್ಲಿರುವ ಆಲ್ಕೋಹಾಲ್) ಸಿಗ್ನಲ್ ಮೂರು ಪೀಕ್, ಅಂದರೆ ಮೂರು ಶಿಖರಗಳಾಗಿ ಬಿಡಿಸಿಕೊಳ್ಳುವುದನ್ನು ತೋರಿಸಿದರು. ಆ ಧರ್ಮಟ್ಟಿಯವರೇ ಮುಂದೆ ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಎನ್‌ಎಂಆರ್ (ಈ ಸ್ಕ್ಯಾನ್‌ಗಳ ಹಿಂದಿರುವ ಮೂಲ ವಿದ್ಯೆ) ಕೆಲಸ ಕಟ್ಟಿದರು. ಇವತ್ತಿನ ಮಿದುಳಿನ ಗ್ರಾಫ್ ನಿಂತಿರುವುದು ಅದೇ ಗುಟ್ಟಿನ ಮೇಲೆ. ಅವರ ಕೈಯಲ್ಲಿ ಶುದ್ಧ ದ್ರವ ಇತ್ತು, ನಮ್ಮ ಕೈಯಲ್ಲಿ ಉಸಿರಾಡುವ, ಅಲುಗಾಡುವ ಮನುಷ್ಯ ಇದ್ದಾನೆ. ತೊಂದರೆ ಶುರುವಾಗುವುದೇ ಅಲ್ಲಿಂದ.

ಇದರಲ್ಲಿ ಡೋಪಮಿನ್, ಸೆರೊಟೋನಿನ್ ಗೊತ್ತಾಗುತ್ತಾ?

ಇಲ್ಲ. ಅವು ಇರುವುದೇ ತೀರಾ ಕಡಿಮೆ. ಈ ವಿಧಾನಕ್ಕೆ ಒಂದು ಲೀಟರ್‌ಗೆ ಸುಮಾರು ಒಂದು ಮಿಲಿಮೋಲ್ (ವಸ್ತುವಿನ ಪ್ರಮಾಣದ ಅಳತೆ) ಆದರೂ ಬೇಕು. ಅದಕ್ಕಿಂತ ತುಂಬಾ ಕೆಳಗಿರುವುದು ಗದ್ದಲದಲ್ಲಿ ಮುಳುಗಿ ಹೋಗುತ್ತದೆ. "ಸ್ಕ್ಯಾನ್ ಮಾಡಿ ಸೆರೊಟೋನಿನ್ ಹೇಳ್ತೀವಿ" ಎಂದು ಯಾರಾದರೂ ಅಂದರೆ ದುಡ್ಡು ಜೇಬಿನಲ್ಲೇ ಇರಲಿ.

ಹಾಗಾದರೆ ಏನು ಸಿಗುತ್ತೆ?

ಗ್ರಾಫಿನ ಕೆಳಗಿನ ಅಳತೆಪಟ್ಟಿ ಪಿಪಿಎಂನಲ್ಲಿ (ಫ್ರೀಕ್ವೆನ್ಸಿ ಹತ್ತು ಲಕ್ಷದಲ್ಲಿ ಎಷ್ಟು ಪಾಲು ಸರಿದಿದೆ ಎಂಬ ಲೆಕ್ಕ) ಇರುತ್ತದೆ, ಬಲದಿಂದ ಎಡಕ್ಕೆ ಏರುತ್ತದೆ. 2.0ರ ಹತ್ತಿರ ಎದ್ದು ಕಾಣುವುದು ಎನ್‌ಎಎ, ಅಂದರೆ ಎನ್-ಅಸಿಟೈಲ್ ಆಸ್ಪರ್ಟೇಟ್. ಇದು ಹೆಚ್ಚಾಗಿ ನರಕೋಶಗಳಲ್ಲಿ ಇರುವ ವಸ್ತು. 3.0ರಲ್ಲಿ ಕ್ರಿಯೇಟಿನ್, 3.2ರಲ್ಲಿ ಕೋಲಿನ್. 3.56ರಲ್ಲಿ ಮಯೋ-ಇನೋಸಿಟಾಲ್. 1.3ರಲ್ಲಿ ಲ್ಯಾಕ್ಟೇಟ್, ಅದೇ ಜಾಗದಲ್ಲಿ ಕೊಬ್ಬೂ ಬರುತ್ತದೆ. 2.1ರಿಂದ 2.4ರ ನಡುವಿನ ಗೊಂದಲದಲ್ಲಿ ಗ್ಲುಟಮೇಟ್, ಗ್ಲುಟಮಿನ್ ಎರಡೂ ಒಂದರ ಮೇಲೊಂದು ಬಿದ್ದಿರುತ್ತವೆ.

ಒಂದು ಪೀಕ್ ಅಂದರೆ ಒಂದೇ ವಸ್ತು ಎಂದುಕೊಳ್ಳಬೇಡಿ. ಕೋಲಿನ್ ಪೀಕ್‌ನಲ್ಲಿ ಕೋಶಪೊರೆಗೆ ಸಂಬಂಧಿಸಿದ ಒಂದೆರಡು ಸಂಯುಕ್ತಗಳೇ ಜಾಸ್ತಿ, ಬಿಡಿ ಕೋಲಿನ್ ತೀರಾ ಕಮ್ಮಿ. ಕ್ರಿಯೇಟಿನ್ ಜೊತೆ ಫಾಸ್ಫೋಕ್ರಿಯೇಟಿನ್ ಕೂಡ ಸೇರಿರುತ್ತದೆ.

ಒಂದು ಸಂಖ್ಯೆಯನ್ನು ಎಷ್ಟು ನಂಬಬಹುದು?

ಇದೇ ಮುಖ್ಯ ಪ್ರಶ್ನೆ. ನನ್ನ ಉತ್ತರ: ಗ್ರಾಫಿನ ಆಕಾರವೇ ಬದಲಾಗಿದ್ದರೆ ನಂಬಿ. ಸಂಖ್ಯೆ ಮಾತ್ರ ಸ್ವಲ್ಪ ಆಚೀಚೆ ಆಗಿದ್ದರೆ ತಲೆ ಕೆಡಿಸಿಕೊಳ್ಳಬೇಡಿ.

ಮಿದುಳಿನಲ್ಲಿ ನೀರಿನ ಸಿಗ್ನಲ್ ಬೇಕಾದ ವಸ್ತುಗಳ ಸಿಗ್ನಲ್‌ಗಿಂತ ಸಾವಿರಾರು ಪಟ್ಟು ದೊಡ್ಡದು. ಅದನ್ನು ಅಡಗಿಸಿದ ಮೇಲೂ ಉಳಿದದ್ದು ಬಹಳ ಸಣ್ಣದು. ಹಾಗಾಗಿ ಒಂದೇ ಅಳತೆಯನ್ನು ಹತ್ತಾರು ಸಲ ಮಾಡಿ ಕೂಡಿಸುತ್ತಾರೆ. ಆದರೆ ಕೂಡಿಸುವುದಕ್ಕೂ ಮಿತಿ ಇದೆ. ನಾಲ್ಕು ಪಟ್ಟು ಹೊತ್ತು ಮಲಗಿಸಿದರೆ ಸ್ಪಷ್ಟತೆ ಎರಡೇ ಪಟ್ಟು ಏರುತ್ತದೆ.

ಜಾಗದ ಲೆಕ್ಕ ಇನ್ನೂ ಕಟು. ಅಳತೆಗೆ ಆರಿಸುವ ಚೌಕ ಡಬ್ಬಿಯಂಥ ಜಾಗಕ್ಕೆ ವಾಕ್ಸೆಲ್ ಅನ್ನುತ್ತಾರೆ. ಬದಿ 2 ಸೆಂಟಿಮೀಟರ್ ಇದ್ದರೆ 8 ಮಿಲಿಲೀಟರ್. ಬದಿಯನ್ನು 1 ಸೆಂಟಿಮೀಟರ್ ಮಾಡಿದರೆ 1 ಮಿಲಿಲೀಟರ್, ಸಿಗ್ನಲ್ ಎಂಟನೇ ಒಂದು ಭಾಗ. ಅದೇ ಸ್ಪಷ್ಟತೆ ಬೇಕೆಂದರೆ 64 ಪಟ್ಟು ಹೊತ್ತು ಬೇಕು. ಎರಡು ನಿಮಿಷದ ಕೆಲಸ ಎರಡು ಗಂಟೆ ದಾಟುತ್ತದೆ. ಅಷ್ಟು ಹೊತ್ತು ಯಾರು ಅಲುಗಾಡದೆ ಮಲಗುತ್ತಾರೆ? ಅದಕ್ಕೇ ಕಡಲೆಕಾಳಿನಷ್ಟು ಜಾಗದ ರಾಸಾಯನಿಕವನ್ನು ಇದು ಹೇಳಲಾರದು.

ಇನ್ನು ಪುನರಾವರ್ತನೆ. ಒಳ್ಳೆಯ 3 ಟೆಸ್ಲಾ ಯಂತ್ರ (ಟೆಸ್ಲಾ ಅಂದರೆ ಅದರ ಕಾಂತದ ಬಲದ ಅಳತೆ), ಅದೇ ಮನುಷ್ಯ, ಅದೇ ಜಾಗ, ಚೆನ್ನಾಗಿ ಮಾಡಿದ ಅಳತೆ ಎಂದಿಟ್ಟುಕೊಳ್ಳಿ. ಎನ್‌ಎಎಯಂಥ ದೊಡ್ಡ ಪೀಕ್ ಕೂಡ ಪ್ರತಿ ಸಲ ಶೇಕಡ 5ರಷ್ಟು ಆಚೀಚೆ ಆಗುವುದು ಮಾಮೂಲು. ಎರಡು ಅಳತೆಗಳಲ್ಲೂ ಆ ಅಲುಗಾಟ ಇದ್ದೇ ಇರುತ್ತದೆ. ಆದ್ದರಿಂದ ಒಬ್ಬರೇ ವ್ಯಕ್ತಿಯಲ್ಲಿ ಹೋದ ವರ್ಷಕ್ಕೂ ಈ ವರ್ಷಕ್ಕೂ ಸುಮಾರು ಶೇಕಡ 14 ಬದಲಾಗದೆ "ನಿಜವಾಗಿ ಇಳಿದಿದೆ" ಎಂದು ಧೈರ್ಯವಾಗಿ ಹೇಳಲಾಗುವುದಿಲ್ಲ. ಶೇಕಡ 8 ಇಳಿದಿದೆ ಎಂದು ನಿದ್ದೆ ಬಿಟ್ಟವರನ್ನು ನೋಡಿದ್ದೇನೆ. ಅದು ಬರೀ ಅಳತೆಯ ಆಟ ಇರಬಹುದು.

ಮೈಸೂರಲ್ಲಿ ಒಂದು ಸಲ, ಬೆಂಗಳೂರಲ್ಲಿ ಒಂದು ಸಲ ಮಾಡಿಸಿದ್ವಿ. ಎರಡೂ ಬೇರೆ ಬೇರೆ ಇದೆ. ಯಾವುದು ಸುಳ್ಳು?

ಎರಡೂ ನಿಜ ಇರಬಹುದು. ಮೊದಲು ರಿಪೋರ್ಟಿನಲ್ಲಿ ಟಿಇ ಎಷ್ಟು ಅಂತ ನೋಡಿ. ಎಕೋ ಟೈಮ್ ಅದು, ಪಲ್ಸ್ ಕೊಟ್ಟ ಮೇಲೆ ಸಿಗ್ನಲ್ ಹಿಡಿಯುವವರೆಗಿನ ಹೊತ್ತು. ಮಿಲಿಸೆಕೆಂಡಿನಲ್ಲಿ ಬರೆದಿರುತ್ತಾರೆ. ಒಂದು ಕಡೆ 30, ಇನ್ನೊಂದು ಕಡೆ 144 ಇದ್ದರೆ ಹೋಲಿಸುವುದೇ ತಪ್ಪು. ಪ್ರತಿ ವಸ್ತುವಿನ ಸಿಗ್ನಲ್ ಬೇರೆ ಬೇರೆ ವೇಗದಲ್ಲಿ ಆರಿ ಹೋಗುತ್ತದೆ. ಕ್ರಿಯೇಟಿನ್ ಬೇಗ ಆರುತ್ತದೆ, ಕೋಲಿನ್ ಮತ್ತು ಎನ್‌ಎಎ ತಡವಾಗಿ. ಹಾಗಾಗಿ ಟಿಇ ಜಾಸ್ತಿಯಾದರೆ ಕೋಲಿನ್ ಮತ್ತು ಕ್ರಿಯೇಟಿನ್ ಅನುಪಾತ ತಾನಾಗೇ ಮೇಲೇರುತ್ತದೆ. ರೋಗಿ ಒಬ್ಬನೇ, ರೋಗವೂ ಅಷ್ಟೇ, ಸಂಖ್ಯೆ ಮಾತ್ರ ಬೇರೆ.

144 ಇಡುವುದಕ್ಕೂ ಕಾರಣ ಇದೆ. ಆ ಹೊತ್ತಿಗೆ ಲ್ಯಾಕ್ಟೇಟ್ ಪೀಕ್ ತಲೆಕೆಳಗಾಗುತ್ತದೆ, ಕೊಬ್ಬಿನದು ಮೇಲ್ಮುಖವಾಗಿಯೇ ಇರುತ್ತದೆ. ಎರಡನ್ನೂ ಬೇರ್ಪಡಿಸಲು ಇದೇ ದಾರಿ. ಅಲ್ಲೂ ಒಂದು ಕೊಕ್ಕೆ: 3 ಟೆಸ್ಲಾದಲ್ಲಿ ಒಂದೊಂದು ವಸ್ತುವಿನ ವಾಕ್ಸೆಲ್ ಸ್ವಲ್ಪ ಪಕ್ಕಕ್ಕೆ ಸರಿಯುತ್ತದೆ. ಅದರಿಂದ ಲ್ಯಾಕ್ಟೇಟ್‌ನ ಒಂದು ಪಾಲು ತನ್ನನ್ನು ತಾನೇ ಅಳಿಸಿಹಾಕಿ ಇದ್ದದ್ದಕ್ಕಿಂತ ಚಿಕ್ಕದಾಗಿ ಕಾಣಬಹುದು.

ಟಿಇ ಒಂದೇ ಇದ್ದರೂ ಯಂತ್ರದ ಬಲ, ವಾಕ್ಸೆಲ್ ಇಟ್ಟ ಜಾಗ, ಲೆಕ್ಕ ಹಾಕಿದ ಸಾಫ್ಟ್‌ವೇರ್ ಬೇರೆ ಇರಬಹುದು. ಮತ್ತೆ ಮತ್ತೆ ನೋಡಬೇಕಾದ ಕಾಯಿಲೆ ಇದ್ದರೆ ಒಂದೇ ಕಡೆ, ಒಂದೇ ಕ್ರಮದಲ್ಲಿ ಮಾಡಿಸುವುದು ಒಳ್ಳೆಯದು. ಯಾವ ಊರು ಅನ್ನುವುದು ಮುಖ್ಯವಲ್ಲ.

ರಿಪೋರ್ಟಲ್ಲಿ ಅನುಪಾತ ಇದೆ, ಮಿಲಿಮೋಲ್ ಇಲ್ಲ. ಮಿಲಿಮೋಲ್ ಇದ್ದಿದ್ದರೆ ಖಚಿತವಾಗಿರುತ್ತಿತ್ತು ಅಲ್ವಾ?

ಹಾಗೇನಿಲ್ಲ. ಮಂಡ್ಯದವರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಆರ್‌ಎಸ್ ಮಟ್ಟ 124.80 ಅಡಿ ತಲುಪಿದರೆ 49.45 ಟಿಎಂಸಿ ನೀರು ಎಂದು ಪೇಪರಿನಲ್ಲಿ ಬರುತ್ತದೆ. ಅಡಿ ಅಳೆದದ್ದು. ಟಿಎಂಸಿ ಕೋಷ್ಟಕ ನೋಡಿ ಹೇಳಿದ್ದು. ತಳದಲ್ಲಿ ಹೂಳು ಎಷ್ಟು ಕೂತಿದೆ ಅನ್ನುವ ಅಂದಾಜಿನ ಮೇಲೆ ಆ ಕೋಷ್ಟಕ ನಿಂತಿದೆ. ಸ್ಪೆಕ್ಟ್ರೋಸ್ಕೋಪಿಯಲ್ಲೂ ಅಳೆದದ್ದು ಪೀಕ್‌ನ ವಿಸ್ತೀರ್ಣ ಮಾತ್ರ. ಮಿಲಿಮೋಲ್ ಅನ್ನುವುದು ಅದರ ಮೇಲೆ ಕಟ್ಟಿದ ಲೆಕ್ಕ.

ಆ ಲೆಕ್ಕಕ್ಕೆ ಸಾಮಾನ್ಯವಾಗಿ ಅದೇ ವಾಕ್ಸೆಲ್‌ನ ನೀರನ್ನು ಅಳತೆಗೋಲಾಗಿ ಇಟ್ಟುಕೊಳ್ಳುತ್ತಾರೆ. ಆಗ ಬೂದು ಭಾಗ, ಬಿಳಿ ಭಾಗ, ಮಿದುಳಿನ ಸುತ್ತಲಿನ ದ್ರವ ಎಷ್ಟೆಷ್ಟು ಇದೆ ಎಂದು ತಿಳಿದಿರಬೇಕು. ಮೂರರಲ್ಲೂ ನೀರಿನ ಪ್ರಮಾಣ ಬೇರೆ. ದ್ರವದಲ್ಲಿ ಈ ವಸ್ತುಗಳು ಹೆಚ್ಚುಕಡಿಮೆ ಇರುವುದೇ ಇಲ್ಲ. ವಯಸ್ಸಾದವರ ಮಿದುಳು ಸ್ವಲ್ಪ ಕುಗ್ಗಿ ದ್ರವ ಜಾಸ್ತಿಯಾದರೆ, ಕೋಶಗಳಲ್ಲಿ ಏನೂ ಬದಲಾಗದಿದ್ದರೂ ಎನ್‌ಎಎ ಇಳಿದಂತೆ ಕಾಣುತ್ತದೆ. ಈ ತಿದ್ದುಪಡಿ ಮಾಡದೆ "ವಯಸ್ಸಾದಂತೆ ಎನ್‌ಎಎ ಕುಸಿಯುತ್ತದೆ" ಎಂದು ಬರೆದದ್ದನ್ನು ಅನುಮಾನದಿಂದಲೇ ಓದಿ.

ಅನುಪಾತದಲ್ಲಿ ಈ ತಲೆನೋವು ಕಮ್ಮಿ, ಯಾಕೆಂದರೆ ಮೇಲೆ ಕೆಳಗೆ ಎರಡೂ ಒಂದೇ ಜಾಗದಿಂದ ಬಂದವು. ಆದರೆ ಕೆಳಗಿರುವ ಕ್ರಿಯೇಟಿನ್ ಸ್ಥಿರವಾಗಿರುತ್ತದೆ ಎಂದು ನಂಬಬೇಕಾಗುತ್ತದೆ. ಅದು ಯಾವಾಗಲೂ ನಿಜವಲ್ಲ. ಗಡ್ಡೆಯಲ್ಲಿ ಅದೇ ಇಳಿಯಬಹುದು. ಕಿರುಮಿದುಳಿನಲ್ಲಿ ಸಹಜವಾಗಿಯೇ ಜಾಸ್ತಿ. ಜಿಮ್‌ಗೆ ಹೋಗುವ ಹುಡುಗರು ವಾರಗಟ್ಟಲೆ ಕ್ರಿಯೇಟಿನ್ ಪುಡಿ ಕುಡಿದರೆ ಮಿದುಳಿನಲ್ಲೂ ಅದು ಸ್ವಲ್ಪ ಏರುತ್ತದೆ. ಸ್ಕ್ಯಾನ್‌ಗೆ ಮುಂಚೆ ಇದನ್ನು ಹೇಳಿಬಿಡಿ.

ಮಗುವಿನ ರಿಪೋರ್ಟಿನಲ್ಲಿ ಎನ್‌ಎಎ ಕಡಿಮೆ, ಕೋಲಿನ್ ಜಾಸ್ತಿ ಅಂತಿದೆ.

ಮಗುವಿಗೆ ಎಷ್ಟು ತಿಂಗಳು? ಹುಟ್ಟಿದ ಹೊಸತರಲ್ಲಿ ಎಲ್ಲ ಮಕ್ಕಳಲ್ಲೂ ಹಾಗೇ ಇರುತ್ತದೆ. ಮಿದುಳು ಬೆಳೆದಂತೆ ಎನ್‌ಎಎ ಏರುತ್ತದೆ. ದೊಡ್ಡವರ ಮಾಮೂಲು ಸಂಖ್ಯೆಯ ಪಕ್ಕ ಮಗುವಿನ ಗ್ರಾಫ್ ಇಟ್ಟರೆ ಗಾಬರಿಯಾಗುವುದು ಖಂಡಿತ. ಅದೇ ವಯಸ್ಸಿನ ಆರೋಗ್ಯವಂತ ಮಕ್ಕಳ ಗ್ರಾಫಿಗೆ ಹೋಲಿಸಿದ್ದಾರಾ ಎಂದು ಕೇಳಿ.

ಗಾಬಾ ಬಗ್ಗೆ ತುಂಬಾ ಕೇಳ್ತೀವಿ. ಅದನ್ನು ಸರಿಯಾಗಿ ಅಳೆಯೋಕೆ ಆಗುತ್ತಾ?

ಆಗುತ್ತದೆ, ಆದರೆ ಷರತ್ತುಗಳು ಬಹಳ. ಗಾಬಾ ಅಂದರೆ ನರಕೋಶಗಳ ಚಟುವಟಿಕೆಯನ್ನು ತಗ್ಗಿಸುವ ಸಂದೇಶವಾಹಕ ರಾಸಾಯನಿಕ. ಗಾಬಾದ ಒಂದು ಪೀಕ್ 3.0ರಲ್ಲಿದೆ, ಸರಿಯಾಗಿ ಕ್ರಿಯೇಟಿನ್ ಕೆಳಗೆ. ಕ್ರಿಯೇಟಿನ್ ದೊಡ್ಡದು, ಗಾಬಾ ಸಣ್ಣದು. ನೇರವಾಗಿ ನೋಡಿದರೆ ಕಾಣುವುದೇ ಇಲ್ಲ.

1998ರಲ್ಲಿ ಬಂದ ಮೆಗಾ ಎಂಬ ವಿಧಾನದಲ್ಲಿ ಅಳತೆ ಎರಡು ಬಗೆಯಲ್ಲಿ ನಡೆಯುತ್ತದೆ. ಒಂದರಲ್ಲಿ 1.9 ಪಿಪಿಎಂ ಜಾಗಕ್ಕೆ ಒಂದು ವಿಶೇಷ ಪಲ್ಸ್ ಕೊಡುತ್ತಾರೆ, ಇನ್ನೊಂದರಲ್ಲಿ ಕೊಡುವುದಿಲ್ಲ. ಗಾಬಾ ಆ ಪಲ್ಸ್‌ಗೆ ಬದಲಾಗುತ್ತದೆ, ಕ್ರಿಯೇಟಿನ್ ಬದಲಾಗುವುದಿಲ್ಲ. ಒಂದರಿಂದ ಇನ್ನೊಂದನ್ನು ಕಳೆದರೆ ಕ್ರಿಯೇಟಿನ್ ಮಾಯ, ಗಾಬಾ ಉಳಿಯುತ್ತದೆ. ಜಾಣ ಉಪಾಯ.

ಕಳೆಯುವ ಲೆಕ್ಕದ ದೊಡ್ಡ ಶತ್ರು ಅಲುಗಾಟ. ಎರಡು ಅಳತೆಯ ನಡುವೆ ತಲೆ ಸ್ವಲ್ಪ ಸರಿದರೂ ಕ್ರಿಯೇಟಿನ್ ಪೂರ್ತಿ ಮಾಯವಾಗುವುದಿಲ್ಲ. ಉಳಿದ ಚೂರೇ ಗಾಬಾದಷ್ಟು ದೊಡ್ಡದಾಗಿರಬಹುದು. ಯಂತ್ರವೂ ಸುಮ್ನೆ ಇರುವುದಿಲ್ಲ. ಸ್ಪೆಕ್ಟ್ರೋಸ್ಕೋಪಿಗೆ ಮುಂಚೆ ಫಂಕ್ಷನಲ್ ಎಂಆರ್‌ಐ (ಮಿದುಳಿನ ಚಟುವಟಿಕೆ ನೋಡುವ ಸ್ಕ್ಯಾನ್) ಮಾಡಿದರೆ ಯಂತ್ರದೊಳಗಿನ ಕಾಯಿಲ್ (ತಂತಿ ಸುರುಳಿ) ಮತ್ತು ಸುತ್ತಲಿನ ಲೋಹ ಬಿಸಿಯಾಗುತ್ತವೆ. ಆಮೇಲೆ ತಣ್ಣಗಾಗುವಾಗ ಫ್ರೀಕ್ವೆನ್ಸಿ ಮೆಲ್ಲಗೆ ಜಾರುತ್ತದೆ. ಪಲ್ಸ್ 1.9ಕ್ಕೆ ಬೀಳಬೇಕಾದ್ದು ಪಕ್ಕದಲ್ಲಿ ಬೀಳುತ್ತದೆ. ವಿದ್ಯಾರ್ಥಿಗಳೇ, ಸ್ಪೆಕ್ಟ್ರೋಸ್ಕೋಪಿಯನ್ನು ಮೊದಲು ಮಾಡಿ, ಫಂಕ್ಷನಲ್ ಸ್ಕ್ಯಾನ್ ಆಮೇಲೆ.

ಇಷ್ಟೆಲ್ಲ ಸರಿಯಾದರೂ ಆ ಪೀಕ್ ಪೂರ್ತಿ ಗಾಬಾ ಅಲ್ಲ. 1.7ರ ಹತ್ತಿರ ಇರುವ ಪ್ರೋಟೀನಿನಂಥ ದೊಡ್ಡ ಅಣುಗಳಿಗೂ ಅದೇ ಪಲ್ಸ್ ತಗಲುತ್ತದೆ. ಅವುಗಳ ಪಾಲು ಸುಮಾರು ಅರ್ಧ. ಪ್ರಾಮಾಣಿಕರು ಇದನ್ನು "ಗಾಬಾ ಪ್ಲಸ್" ಎಂದೇ ಬರೆಯುತ್ತಾರೆ. 2017ರಲ್ಲಿ ಪ್ರಕಟವಾದ "ಬಿಗ್ ಗಾಬಾ" ಅಧ್ಯಯನದಲ್ಲಿ 24 ಕೇಂದ್ರಗಳು ಸೇರಿ 272 ಆರೋಗ್ಯವಂತರನ್ನು ಒಂದೇ ಕ್ರಮದಲ್ಲಿ ಅಳೆದವು. ಗಾಬಾ ಪ್ಲಸ್‌ನಲ್ಲಿ ಚದುರುವಿಕೆ ಸುಮಾರು ಶೇಕಡ 12. ದೊಡ್ಡ ಅಣುಗಳನ್ನು ತೆಗೆಯುವ ವಿಧಾನ ಬಳಸಿದಾಗ ಅದು ಶೇಕಡ 28ಕ್ಕೆ ಏರಿತು. ಶುದ್ಧ ಮಾಡಲು ಹೋದರೆ ಚದುರುವಿಕೆ ಜಾಸ್ತಿ. ಇದು ಈ ವಿದ್ಯೆಯ ನಿತ್ಯದ ಪಜೀತಿ.

ಇನ್ನೊಂದು ವಿಷಯ. ಇದು ಅಳೆಯುವುದು ವಾಕ್ಸೆಲ್‌ನಲ್ಲಿ ಒಟ್ಟು ಎಷ್ಟು ಗಾಬಾ ಇದೆ ಎಂಬುದನ್ನು. ನರಕೋಶಗಳ ನಡುವೆ ಸಂದೇಶವಾಗಿ ಬಿಡುಗಡೆಯಾಗುವುದು ಎಷ್ಟು ಎಂದಲ್ಲ. "ಗಾಬಾ ಜಾಸ್ತಿ, ಹಾಗಾಗಿ ಮನಸ್ಸು ಶಾಂತ" ಎನ್ನುವ ಮಾತು ಇಲ್ಲಿಂದ ಹುಟ್ಟುವುದಿಲ್ಲ.

ಸಂಖ್ಯೆ ಪಕ್ಕದಲ್ಲಿ ಶೇಕಡಾವಾರು ಇರುತ್ತೆ. 20ಕ್ಕಿಂತ ಕಡಿಮೆ ಇದ್ದರೆ ಸರಿ ಅಂತಾರೆ. ನಿಜವಾ?

ಅದು ಕ್ರಾಮರ್-ರಾವ್ ಮಿತಿ. ರಾವ್ ಅಂದರೆ ನಮ್ಮ ಸಿ. ಆರ್. ರಾವ್, ಹೂವಿನಹಡಗಲಿಯಲ್ಲಿ ಹುಟ್ಟಿದ ಸಂಖ್ಯಾಶಾಸ್ತ್ರಜ್ಞ. ಲೆಕ್ಕದ ಮಾದರಿ ಸರಿಯಿದ್ದರೆ ತಪ್ಪು ಕನಿಷ್ಠ ಇಷ್ಟಾದರೂ ಇರುತ್ತದೆ ಎಂದು ಅದು ಹೇಳುತ್ತದೆ. ಕನಿಷ್ಠ ಅನ್ನುವುದನ್ನು ಗಮನಿಸಿ. ಮಾದರಿಯೇ ತಪ್ಪಿದ್ದರೆ, ತಲೆ ಅಲುಗಾಡಿದ್ದರೆ, ನೆತ್ತಿಯ ಕೊಬ್ಬು ನುಸುಳಿದ್ದರೆ ಈ ಶೇಕಡಾವಾರು ಚಂದ ಕಾಣುತ್ತಲೇ ಇರಬಹುದು.

20ರ ಗೆರೆಗೆ ಇನ್ನೊಂದು ದೋಷ ಇದೆ. ಇದು ಸಿಕ್ಕ ಪ್ರಮಾಣದ ಶೇಕಡಾವಾರು. ಪ್ರಮಾಣ ಕಡಿಮೆಯಾದಷ್ಟೂ ಶೇಕಡಾವಾರು ತಾನೇ ಏರುತ್ತದೆ. 20 ದಾಟಿದವರನ್ನು ಕಿತ್ತುಹಾಕಿದರೆ ನಿಜವಾಗಿಯೂ ಕಡಿಮೆ ಇದ್ದವರೇ ಹೊರಗೆ ಹೋಗುತ್ತಾರೆ. ಉಳಿದವರ ಸರಾಸರಿ ಸುಳ್ಳಾಗುತ್ತದೆ. ಈ ಕ್ಷೇತ್ರದ ಸಂಶೋಧಕ ರೋಲಾಂಡ್ ಕ್ರೈಸ್ ಇದನ್ನು 2016ರಲ್ಲೇ ಬಿಡಿಸಿ ಬರೆದರು. ಆದರೂ ಇನ್ನೂ ಪ್ರಬಂಧಗಳಲ್ಲಿ 20ರ ಗೆರೆ ಎಳೆಯುವವರಿದ್ದಾರೆ.

ಸಾಫ್ಟ್‌ವೇರ್ ಯಾವುದು ಒಳ್ಳೆಯದು?

ಎಲ್‌ಸಿಮಾಡೆಲ್ ಹಳೆಯದು, 1993ರದು. ಟಾರ್ಕ್ವಿನ್, ಓಸ್ಪ್ರೇ, ಗಾಬಾಗೆ ಗ್ಯಾನೆಟ್ ಇವೆ. ಒಂದೇ ಸ್ಪೆಕ್ಟ್ರಮ್ (ಆ ಏರಿಳಿತದ ಗ್ರಾಫ್) ಅನ್ನು ಎರಡಕ್ಕೆ ಕೊಟ್ಟರೆ ಉತ್ತರ ಎರಡು ಬರಬಹುದು, ಮುಖ್ಯವಾಗಿ ಪೀಕ್‌ಗಳ ಕೆಳಗಿನ ಅಡಿಗೆರೆಯನ್ನು ಹೇಗೆ ಎಳೆಯುತ್ತವೆ ಎನ್ನುವುದರಿಂದ. ಯಾವುದನ್ನೇ ಹಿಡಿಯಿರಿ, ಅಧ್ಯಯನದ ನಡುವೆ ಬದಲಾಯಿಸಬೇಡಿ.

7 ಟೆಸ್ಲಾ ಬಂದರೆ ಎಲ್ಲ ಸರಿಹೋಗುತ್ತಾ?

ಗ್ಲುಟಮೇಟ್, ಗ್ಲುಟಮಿನ್ ಬೇರೆ ಬೇರೆಯಾಗಿ ಕಾಣುತ್ತವೆ, ಅದು ದೊಡ್ಡ ಲಾಭ. 1.5 ಟೆಸ್ಲಾದಲ್ಲಿ ಎರಡನ್ನೂ ಸೇರಿಸಿ ಹೇಳುವುದೇ ಮರ್ಯಾದೆ. ಆದರೆ ಬಲ ಏರಿದಂತೆ ಕಾಂತಕ್ಷೇತ್ರವನ್ನು ಎಲ್ಲ ಕಡೆ ಒಂದೇ ಸಮ ಇಡುವುದು ಇನ್ನೂ ಕಷ್ಟ.

ಮಿದುಳಿನ ಯಾವ ಭಾಗದಲ್ಲಾದರೂ ಅಳೆಯಬಹುದಾ?

ಹೆಸರಿಗೆ ಹೌದು. ಮೂಗಿನ ಮೇಲಿನ ಗಾಳಿ ತುಂಬಿದ ಜಾಗಗಳ ಪಕ್ಕ, ಕಿವಿಯ ಮೂಳೆಯ ಹತ್ತಿರ ಕಾಂತಕ್ಷೇತ್ರ ಕೆಡುತ್ತದೆ, ಪೀಕ್‌ಗಳು ಅಗಲವಾಗಿ ಒಂದರೊಳಗೊಂದು ಕರಗುತ್ತವೆ. ತಲೆಬುರುಡೆಗೆ ಅಂಟಿಕೊಂಡಂತೆ ಇಟ್ಟರೆ ನೆತ್ತಿಯ ಕೊಬ್ಬು ಬರುತ್ತದೆ. ಹಿಪೊಕ್ಯಾಂಪಸ್ (ನೆನಪಿಗೆ ಸಂಬಂಧಿಸಿದ ಭಾಗ) ಎಲ್ಲರಿಗೂ ಬೇಕು, ಎಲ್ಲರಿಗೂ ತೊಂದರೆ ಕೊಡುವುದೂ ಅದೇ. ತಲೆಯ ಹಿಂಭಾಗದ ನಡುಗೆರೆಯ ಹತ್ತಿರ ಗ್ರಾಫ್ ಚೆನ್ನಾಗಿ ಬರುತ್ತದೆ.

ಇಷ್ಟೊಂದು ಕೊರತೆ ಇದ್ದರೆ ಡಾಕ್ಟರ್ ಯಾಕೆ ಬರೆದುಕೊಡ್ತಾರೆ?

ಏಕೆಂದರೆ ಕೆಲವು ಕಾಯಿಲೆಗಳಲ್ಲಿ ಬದಲಾವಣೆ ಶೇಕಡ 5, 10ರದ್ದಲ್ಲ. ಕ್ಯಾನವನ್ ಎಂಬ ಅಪರೂಪದ ಆನುವಂಶಿಕ ಕಾಯಿಲೆಯ ಮಕ್ಕಳಲ್ಲಿ ಎನ್‌ಎಎ ಎದ್ದು ಕಾಣುವಷ್ಟು ಏರಿರುತ್ತದೆ. ಹುಟ್ಟಿನಿಂದ ಬರುವ ಕ್ರಿಯೇಟಿನ್ ಕೊರತೆಯಲ್ಲಿ ಆ ಪೀಕ್ ಹೆಚ್ಚುಕಡಿಮೆ ಇರುವುದೇ ಇಲ್ಲ. ಇಲ್ಲದ್ದನ್ನು ನೋಡಲು ಯಾವ ಸಾಫ್ಟ್‌ವೇರೂ ಬೇಡ, ಕಣ್ಣು ಸಾಕು. ಯಕೃತ್ತು ಕೆಟ್ಟು ಮಿದುಳಿಗೆ ತೊಂದರೆಯಾದಾಗ ಗ್ಲುಟಮಿನ್ ಏರಿ, ಮಯೋ-ಇನೋಸಿಟಾಲ್ ಮತ್ತು ಕೋಲಿನ್ ಇಳಿಯುತ್ತವೆ. ಮೂರೂ ಒಟ್ಟಿಗೆ ಬಂದಾಗ ಗುರುತು ಸಿಗುತ್ತದೆ.

ನಮ್ಮ ಕಡೆ ಜಾಸ್ತಿ ಕೇಳುವುದು ಗಡ್ಡೆಯೋ ಟಿಬಿಯೋ ಎಂದು. ಟಿಬಿ ಗಂಟಿನಲ್ಲಿ ಕೊಬ್ಬಿನ ಪೀಕ್ ದೊಡ್ಡದಾಗಿರುತ್ತದೆ. ಗ್ಲಯೋಮಾ ಗಡ್ಡೆಯಲ್ಲಿ ಕೋಲಿನ್ ಏರಿ ಎನ್‌ಎಎ ಇಳಿಯುತ್ತದೆ. ಇದು ಸಹಾಯ ಮಾಡುತ್ತದೆ, ತೀರ್ಪು ಕೊಡುವುದಿಲ್ಲ. ಒಳಗೆ ಕೊಳೆತ ಗಡ್ಡೆಯಲ್ಲೂ ಕೊಬ್ಬು ಕಾಣುತ್ತದೆ. ಉರಿಯೂತದಿಂದ ನರದ ಹೊದಿಕೆ ಕಳಚುವಾಗಲೂ ಕೋಲಿನ್ ಏರಿ ಎನ್‌ಎಎ ಇಳಿದು ಗಡ್ಡೆಯಂತೆಯೇ ಕಾಣಬಹುದು. ಅದಕ್ಕೇ ಸ್ಪೆಕ್ಟ್ರೋಸ್ಕೋಪಿ ಆದ ಮೇಲೂ ಬಯಾಪ್ಸಿ ಕೇಳುತ್ತಾರೆ. ಹಾಗೆ ಕೇಳಿದರೆ ಮೊದಲ ಟೆಸ್ಟ್ ದಂಡ ಆಯಿತು ಎಂದು ಅಂದುಕೊಳ್ಳಬೇಡಿ. ಎಲ್ಲಿಂದ ಚೂರು ತೆಗೆಯಬೇಕು ಎಂದು ಹೇಳಲೂ ಅದು ಸಹಾಯಕ್ಕೆ ಬರುತ್ತದೆ.

ಖಿನ್ನತೆ, ಆತಂಕ ಇದೆಯಾ ಅಂತ ಇದರಲ್ಲಿ ಪತ್ತೆ ಮಾಡಬಹುದಾ?

ಒಬ್ಬ ವ್ಯಕ್ತಿಯಲ್ಲಿ ಆಗುವುದಿಲ್ಲ. ಗುಂಪುಗಳ ಸರಾಸರಿಯಲ್ಲಿ ವ್ಯತ್ಯಾಸ ಹುಡುಕುವ ಸಂಶೋಧನೆ ನಡೆಯುತ್ತಿದೆ. ಕಾಯಿಲೆ ಇದ್ದವರ ಮತ್ತು ಇಲ್ಲದವರ ಸಂಖ್ಯೆಗಳು ಒಂದರೊಳಗೊಂದು ಬೆರೆತಿರುತ್ತವೆ.

ನನ್ನ ಪಿಎಚ್‌ಡಿಗೆ ಒಂದು ಗುಂಪಿನಲ್ಲಿ 15 ಜನ ಸಾಕಾ?

ಏನು ಹುಡುಕುತ್ತಿದ್ದೀರಿ? ಚದುರುವಿಕೆ ಶೇಕಡ 12, ನಿಮಗೆ ಬೇಕಾದ ವ್ಯತ್ಯಾಸ ಶೇಕಡ 10 ಇದ್ದರೆ ಪ್ರತಿ ಗುಂಪಿಗೆ 23 ಜನ ಬೇಕು. ವ್ಯತ್ಯಾಸ ಶೇಕಡ 5 ಆದರೆ 90ರ ಹತ್ತಿರ. ಇದು ಶೇಕಡ 80 ಪವರ್ (ಇರುವ ವ್ಯತ್ಯಾಸವನ್ನು ಹಿಡಿಯುವ ಸಾಧ್ಯತೆ), ಶೇಕಡ 5 ಸಿಗ್ನಿಫಿಕೆನ್ಸ್ (ಇಲ್ಲದ ವ್ಯತ್ಯಾಸವನ್ನು ಇದೆ ಎನ್ನುವ ಸಾಧ್ಯತೆ) ಇಟ್ಟುಕೊಂಡ ಮಾಮೂಲಿ ಲೆಕ್ಕ. 15 ಜನರಲ್ಲಿ ಶೇಕಡ 5ರ ವ್ಯತ್ಯಾಸ ಸಿಕ್ಕಿತು ಎಂದರೆ ನಾನು ಮೊದಲು ಖುಷಿಪಡುವುದಿಲ್ಲ, ಗ್ರಾಫ್ ತೋರಿಸಿ ಅನ್ನುತ್ತೇನೆ.

ಬರೆಯುವಾಗ ವಾಕ್ಸೆಲ್ ಅಳತೆ, ಟಿಇ, ಟಿಆರ್ (ಒಂದು ಅಳತೆಯಿಂದ ಮುಂದಿನದಕ್ಕೆ ಇರುವ ಹೊತ್ತು), ಎಷ್ಟು ಸಲ ಕೂಡಿಸಿದಿರಿ, ಪೀಕ್ ಅಗಲ, ಸಾಫ್ಟ್‌ವೇರ್ ಆವೃತ್ತಿ, ದ್ರವದ ತಿದ್ದುಪಡಿ ಎಲ್ಲ ಹಾಕಿ. 2021ರಲ್ಲಿ ಈ ಕ್ಷೇತ್ರದ ತಜ್ಞರು ಕನಿಷ್ಠ ಏನೇನು ಬರೆಯಬೇಕು ಎಂಬ ಪಟ್ಟಿಯನ್ನೇ ಹೊರತಂದರು. ಸರಾಸರಿಯ ಕಂಬಗಳನ್ನು ಮಾತ್ರ ತೋರಿಸಿ ಒಂದೂ ಸ್ಪೆಕ್ಟ್ರಮ್ ತೋರಿಸದ ಪ್ರಬಂಧವನ್ನು ನಾನಂತೂ ಪೂರ್ತಿ ಓದುವುದಿಲ್ಲ.

ಅಜಿನೊಮೊಟೊ (ಗ್ಲುಟಮೇಟ್ ಉಪ್ಪು) ಹಾಕಿದ ಗೋಬಿ ಮಂಚೂರಿ ತಿಂದರೆ ಗ್ಲುಟಮೇಟ್ ಏರುತ್ತಾ? ಕುಡಿದಿದ್ದರೆ?

ತಿಂದ ಗ್ಲುಟಮೇಟ್ ಬಹುಪಾಲು ಕರುಳಿನಲ್ಲೇ ಖರ್ಚಾಗುತ್ತದೆ. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲೂ ತಡೆ ಇದೆ. ಗೋಬಿಯಿಂದ ಗ್ರಾಫ್ ಕೆಡುವುದಿಲ್ಲ. ಹೆಂಡದ ಮಾತು ಬೇರೆ. ಕುಡಿದು ಮಲಗಿದರೆ ಎಥನಾಲ್ ಪೀಕ್ 1.2 ಪಿಪಿಎಂ ಹತ್ತಿರ ಕಾಣಬಹುದು. ಧರ್ಮಟ್ಟಿಯವರ ತಂಡ ನೋಡಿದ್ದೂ ಅದೇ ವಸ್ತುವನ್ನು!

ಫಿಲ್ಮ್ ಇದೆ. ಬೇರೆ ಕಡೆ ತೋರಿಸೋಕೆ ಅದು ಸಾಕಾ?

ಸಾಲದು. ಫಿಲ್ಮಿನಲ್ಲಿ, ಪಿಡಿಎಫ್‌ನಲ್ಲಿ ಇರುವುದು ಗ್ರಾಫಿನ ಚಿತ್ರ ಮಾತ್ರ, ಅದನ್ನು ಮತ್ತೆ ಲೆಕ್ಕ ಹಾಕಲು ಬರುವುದಿಲ್ಲ. ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಸ್ಪೆಕ್ಟ್ರೋಸ್ಕೋಪಿಯ ಮೂಲ ಡೇಟಾ ಕೊಡಿ ಎಂದು ಸ್ಕ್ಯಾನ್ ಆದ ದಿನವೇ ಟೆಕ್ನಿಷಿಯನ್ ಹತ್ತಿರ ಕೇಳಿ. ನೀರನ್ನು ಅಡಗಿಸದೆ ತೆಗೆದ ಅಳತೆಯೂ ಅದರಲ್ಲಿ ಇರಲಿ. ಆ ಡೇಟಾವನ್ನು ಯಂತ್ರದಲ್ಲಿ ಬಹಳ ದಿನ ಇಟ್ಟಿರುವುದಿಲ್ಲ, ಜಾಗ ಬೇಕಾದಾಗ ಅಳಿಸಿಬಿಡುತ್ತಾರೆ. ವಾಕ್ಸೆಲ್ ಎಲ್ಲಿ ಇಟ್ಟಿದ್ದರು ಎಂದು ತೋರಿಸುವ ಮೂರು ಚಿತ್ರಗಳನ್ನೂ ಕೇಳಿ ತೆಗೆದುಕೊಳ್ಳಿ.